ಜೂನ್ ಒಂದರಂದು ಹುಟ್ಟಿದವರು

ನನ್ನ ಶಾಲೆಯ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದನೇ ತಾರೀಖು ಹುಟ್ಟಿದವರು. ನಂಬದಿದ್ದರೆ ಚಾಮರಾಜಪೇಟೆಯ ಆ ಹಳೆಯ ಪ್ರೈಮರಿ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ಇಪ್ಪತ್ತಾರು ವರ್ಷ ಅದರಲ್ಲಿ ಬರೆದವಳು ನಾನೇ, ಕೊನೆಯ ಹನ್ನೊಂದು ವರ್ಷ ಹೆಡ್ ಮೇಡಂ ಆಗಿ. ಹುಟ್ಟಿದ ದಿನ ಯಾವುದಮ್ಮಾ ಎಂದು ತಾಯಂದಿರನ್ನು ಕೇಳಿದರೆ "ಗೌರಿ ಹಬ್ಬದ ಹಿಂದೆಮುಂದೆ" ಅನ್ನುತ್ತಿದ್ದರು, ಇಲ್ಲವೇ "ನಮ್ಮತ್ತೆ ಸತ್ತ ವರ್ಷ" ಅನ್ನುತ್ತಿದ್ದರು. ಸರ್ಕಾರಕ್ಕೆ ಅತ್ತೆ ಸತ್ತದ್ದು ಬೇಡ, ತಾರೀಖು ಬೇಕು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಆದ್ದರಿಂದ ಜೂನ್ ಒಂದು ಅಂತ ಬರೆಯುತ್ತಿದ್ದೆವು. ವಯಸ್ಸು ಸಾಲದಿದ್ದರೆ ಒಂದು ವರ್ಷ ಮೇಲೆ ಹಾಕುತ್ತಿದ್ದೆವು. ನಮ್ಮ ಕಾಲದ ಮೇಷ್ಟ್ರುಗಳೆಲ್ಲ ಮಾಡಿದ್ದು ಇದನ್ನೇ, ಅದೂ ಪುಣ್ಯದ ಕೆಲಸವೆಂದು. ನನ್ನ ಹುಟ್ಟಿದ ದಿನವನ್ನೂ ಯಾವನೋ ಪುಣ್ಯಾತ್ಮ ಹೀಗೇ ಬರೆದಿದ್ದ. ಅದರಿಂದ ನಾನು ಒಂದು ವರ್ಷ ಮೊದಲೇ ರಿಟೈರಾದೆ, ಅಷ್ಟೇ ನಷ್ಟ.

ಅಷ್ಟೇ ನಷ್ಟ ಎಂದುಕೊಂಡಿದ್ದೆ.

ಒಂದು ಜೂನ್ ತಿಂಗಳ ಬೆಳಿಗ್ಗೆ ಅಕ್ಕಿಪೇಟೆಯ ಮಂಡಿಯಲ್ಲಿ ಅಕ್ಕಿ ಕೇರುವ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ತಲೆಯ ಮೇಲೆಲ್ಲ ತೌಡಿನ ಧೂಳು. ಗಂಡ ಇಲ್ಲವೆಂದಳು. ಸತ್ತನೋ ಬಿಟ್ಟನೋ ನಾನು ಕೇಳಲಿಲ್ಲ. ಹುಡುಗಿ ನನ್ನ ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತಿತ್ತು.

"ಎಷ್ಟು ವಯಸ್ಸು?"

"ಬರೋ ಪರಿಷೆಗೆ ಐದು ತುಂಬ್ತದೆ, ಮೇಡಮ್ಮ."

ನಮ್ಮ ಕಡೆ ಪರಿಷೆ ಎಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆ, ಕಾರ್ತಿಕ ಮಾಸದ ಕೊನೆಯ ಸೋಮವಾರ. ಅಂದರೆ ಮಗುವಿಗೆ ಆಗಿನ್ನೂ ನಾಲ್ಕೂವರೆ ಕಳೆದಿತ್ತು, ಅಷ್ಟೇ. ಒಂದನೇ ತರಗತಿಗೆ ಆರು ತುಂಬಿರಬೇಕು, ತುಂಬಿದ ಮೇಲೆ ಬಾ ಎಂದೆ. ಅವಳು ಅಲ್ಲಿಯೇ ನಿಂತಳು. "ಮಂಡೀಲಿ ಲಾರಿ ಹಿಂದಕ್ ಬರ್ತಾ ಇರ್ತವೆ ಮೇಡಮ್ಮ. ಹಳೇ ಸೀರೆ ತಗೊಂಡು ಮಗೀನ ಕಂಬಕ್ಕೆ ಕಟ್ಟಾಕಿ ಕೆಲ್ಸ ಮಾಡ್ತೀನಿ" ಎಂದಳು.

ನಾನು ಪುಸ್ತಕ ತೆಗೆದು ಆರು ವರ್ಷ ತುಂಬಿದೆ ಎಂದು ಬರೆದೆ. ಜೂನ್ ಒಂದು. ಆಮೇಲೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿದೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು. "ಯಾರೇ ಕೇಳಿದ್ರೂ ಇದೇ ತಾರೀಖು, ಇದೇ ವರ್ಷ ಹೇಳ್ಬೇಕು. ಪೊಲೀಸ್ನೋರು ಬಂದು ಕೇಳಿದ್ರೂ ಅಷ್ಟೇ. ಮಗಳಿಗೂ ಇದನ್ನೇ ಹೇಳು. ಮಾತು ಬದಲಾಯ್ಸಿದ್ಯೋ, ಮಗೂನ ಶಾಲೆಯಿಂದ ಆಚೆ ಹಾಕ್ತಾರೆ." ಅವಳು ಮಗ್ಗಿ ಒಪ್ಪಿಸುವಂತೆ ಮೂರು ಸಲ ಒಪ್ಪಿಸಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆನಾದರೂ ಒಳಗೊಳಗೇ ಹಿಗ್ಗಿದೆ. ಹೀಗೆ ಬರೆದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಆಗ ನಾನು ನನಗೇ ಹೇಳಿಕೊಂಡಿರಲಿಲ್ಲ, ಇಲ್ಲಿಯೂ ಆಮೇಲೆ ಹೇಳುತ್ತೇನೆ.

ಹುಡುಗಿ ಏಳನೆಯ ತರಗತಿಯವರೆಗೆ ನಮ್ಮಲ್ಲೇ ಓದಿದಳು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ದೇಹ, ಎಲ್ಲರಿಗಿಂತ ದುಂಡಗಿನ ಅಕ್ಷರ. ಲೆಕ್ಕದಲ್ಲಿ ಹಿಂದೆ ಬಿದ್ದಾಗ "ಇಷ್ಟು ದೊಡ್ಡೋಳಾಗಿದೀಯ, ಇಷ್ಟೂ ಬರಲ್ವಾ?" ಎಂದು ನಾನೇ ಬೈದದ್ದು ನೆನಪಿದೆ. ನಾನು ರಿಟೈರಾದ ಮೇಲೂ ಪ್ರತಿ ದಸರೆಗೆ ತಾಯಿ, ಮಗಳು ಬಸವನಗುಡಿಯ ನಮ್ಮ ಮನೆಗೆ ಬರುತ್ತಿದ್ದರು, ಕಲ್ಲು ಆರಿಸಿದ ಎರಡು ಸೇರು ಅಕ್ಕಿ ಹಿಡಿದುಕೊಂಡು.

ಹುಡುಗಿ ನಮ್ಮ ಶಾಲೆ ಬಿಟ್ಟು ಐದು ವರ್ಷವಾಗಿತ್ತು. ಆ ವರ್ಷ ತಾಯಿ ದಸರೆಗೆ ಮುಂಚೆಯೇ, ಒಬ್ಬಳೇ ಬಂದಳು. ನಾನು ಗಾಂಧಿ ಬಜಾರಿನಿಂದ ಸೊಪ್ಪು ತರುತ್ತಿದ್ದೆ. ಗೇಟಿನ ಹತ್ತಿರ ಕೂತಿದ್ದಳು. ಒಳಗೆ ಕರೆದರೆ ಬರಲಿಲ್ಲ, ಅಲ್ಲಿಯೇ ಕೂತು ಹೇಳಿದಳು. ಪಕ್ಕದ ಬೀದಿಯ ಹೆಂಗಸೊಬ್ಬಳು ಬೇರೆ ಊರಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕೊಡಿಸುತ್ತೇನೆಂದು ಮಗಳನ್ನು ಆಗಸ್ಟಿನಲ್ಲಿ ಕರೆದುಕೊಂಡು ಹೋಗಿದ್ದಳು. ಮಗಳು ತಾಯಿಯನ್ನು ಕೇಳಿರಲಿಲ್ಲ, ಬಸ್ಸಿನಿಂದ ಫೋನ್ ಮಾಡಿದ್ದಳು. ಆಮೇಲೆ ಫೋನ್ ಸತ್ತಿತು. ಹತ್ತೊಂಬತ್ತು ದಿನವಾದ ಮೇಲೆ ದೂರದ ಊರಿನ ಲಾಡ್ಜೊಂದರಲ್ಲಿ ಪೊಲೀಸರಿಗೆ ಸಿಕ್ಕಿದಳು, ಇನ್ನಿಬ್ಬರು ಹುಡುಗಿಯರ ಜೊತೆಗೆ. ಅಲ್ಲಿ ಏನಾಯಿತೆಂಬ ಮಾತು ತಾಯಿಯ ಬಾಯಿಂದ ಬರಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಮಾತನ್ನು ನಾನು ಹೇಳುತ್ತೇನೆ. ಆ ಮಗುವನ್ನು ಮಾರಿದ್ದರು. ದಿನಾ ನೀರಿನ ಟ್ಯಾಂಕರಿನ ಮುಂದೆ ಅವರ ಜೊತೆ ಬಿಂದಿಗೆ ಹಿಡಿದು ನಿಲ್ಲುತ್ತಿದ್ದ ಹೆಂಗಸು ಮಾರಿದ್ದಳು.

ನಾನು ಗೇಟು ಹಿಡಿದುಕೊಂಡೆ. ಆಗ ಆ ತಾಯಿ ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು. "ಪೊಲೀಸ್ನೋರು ಮಗಳ ವಯಸ್ಸು ಕೇಳಿದ್ರು ಮೇಡಮ್ಮ. ನೀವ್ ಹೇಳ್ಕೊಟ್ಟಂಗೇ ಹೇಳ್ದೆ. ಜೂನ್ ಒಂದು. ಹದಿನೆಂಟು ತುಂಬಿ ಎರಡು ತಿಂಗ್ಳು. ನಾನು ಮಾತು ತಪ್ಪಲಿಲ್ಲ."

ಅಯ್ಯೋ ದೇವರೇ. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದಿದ್ದಳು ಆ ಮಾತನ್ನು. ಸೊಪ್ಪಿನ ಚೀಲ ಕೆಳಗಿಟ್ಟು ಬೆರಳು ಮಡಚಿ ಎಣಿಸಿದೆ. ಪರಿಷೆಯಿಂದ ಪರಿಷೆಗೆ ಎಣಿಸಿದರೆ ಆಗಸ್ಟಿನಲ್ಲಿ ಹುಡುಗಿಗೆ ಹದಿನಾರು ವರ್ಷ ಒಂಬತ್ತು ತಿಂಗಳು.

ಆಟೋ ಹಿಡಿದು ತಾಯಿಯನ್ನೂ ಕೂರಿಸಿಕೊಂಡು ನೇರ ಪೊಲೀಸ್ ಸ್ಟೇಷನ್‌ಗೆ ಹೋದೆ. "ಮಗು ಕಣ್ರೀ ಅದು! ದೊಡ್ಡೋಳು ಅಂತ ಹೇಗ್ರೀ ಬರ್ಕೊಂಡ್ರಿ?" ಎಂದು ಕೂಗಿದೆ. ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕೋಪಿಸಿಕೊಳ್ಳಲಿಲ್ಲ. ಫೈಲಿನಿಂದ ಶಾಲೆಯ ದಾಖಲೆಯ ನಕಲು ತೆಗೆದು ನನ್ನ ಮುಂದಿಟ್ಟಳು. "ಮಗು ಅಲ್ಲ ಅಂತ ಬರೆದಿರೋರು ನೀವೇ ಅಲ್ವಾ ಮೇಡಂ? ಸಹಿ ನೋಡಿ."

ನನ್ನ ಸಹಿಯೇ. ಕೆಳಗೊಂದು ಗೆರೆ ಎಳೆಯುವ ಚಟ ನನಗೆ, ಆ ಗೆರೆಯೂ ಇತ್ತು.

ಕಾನೂನು ಎಷ್ಟು ಸೂಕ್ಷ್ಮವೆಂದು ನನಗೆ ತಿಳಿಸಿ ಹೇಳಿದವರು ಸರ್ಕಾರಿ ವಕೀಲರು, ತಾಳ್ಮೆಯ ಮನುಷ್ಯ. ದೊಡ್ಡವರನ್ನು ಮಾರಿದರೂ ಅಪರಾಧವೇ, ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಆದರೆ ಹದಿನೆಂಟು ತುಂಬದ ಮಗುವಾದರೆ ಹತ್ತು ವರ್ಷದಿಂದ ಜೀವಾವಧಿಯವರೆಗೆ. ಅದರ ಮೇಲೆ ಮಕ್ಕಳ ರಕ್ಷಣೆಯ ಬೇರೆ ಕಾಯ್ದೆ, ಬೇರೆ ಕೋರ್ಟು. "ದೊಡ್ಡೋಳು ಅಂತಾದ್ರೆ 'ಇಷ್ಟಪಟ್ಟೇ ಬಂದ್ಲು' ಅಂತ ಆ ಕಡೆ ವಕೀಲರು ಹುಡುಗಿನ ಹಿಂಡಿ ಹಾಕ್ತಾರೆ. ಮಗು ಅಂತಾದ್ರೆ ಆ ಪ್ರಶ್ನೆಗೇ ಜಾಗ ಇಲ್ಲ" ಎಂದರು. ಆದರೆ ವಯಸ್ಸಿಗೆ ಕಾನೂನು ಮೊದಲು ನೋಡುವುದು ಶಾಲೆಯ ದಾಖಲೆಯನ್ನು. ಅದು ಬಿದ್ದರೆ ಮಾತ್ರ ಕಾರ್ಪೊರೇಷನ್ನಿನ ಜನನ ಪತ್ರ.

"ಬೀಳಿಸೋದು ಹೇಗೆ?" ಎಂದೆ.

"ಬರೆದೋರೇ ಬಂದು ಸುಳ್ಳು ಬರೆದೆ ಅನ್ಬೇಕು. ಆದ್ರೆ ಒಂದು ಮಾತು. ಹುಡುಗಿಗೆ ಈ ವಿಷಯ ಈಗಲೇ ಹೇಳ್ಬೇಡಿ, ತಾಯಿಗೂ ಹೇಳಿಡಿ. ಹೇಳಿಕೊಟ್ಟು ಹೇಳಿಸಿದ್ರು ಅಂತಾರೆ."

ಜನನ ಪತ್ರ ಹುಡುಕಲು ತಾಯಿಯೂ ನಾನೂ ನಾಲ್ಕು ಸಲ ಅಲೆದೆವು. ಪರಿಷೆಯಾಗಿ ಮೂರನೇ ದಿನ, ಕಾರ್ಪೊರೇಷನ್ ಹೆರಿಗೆ ಆಸ್ಪತ್ರೆ, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ತುಂಬು ಬಸುರಿನಲ್ಲಿ ಪರಿಷೆ ಸುತ್ತಿ ಕಡಲೆಕಾಯಿ ತಿಂದಿದ್ದಳಂತೆ. ಕೊನೆಗೆ ಸಿಕ್ಕಿತು, ಆದರೆ ಮಗುವಿನ ಹೆಸರಿರಲಿಲ್ಲ. ತಾಯಿಯ ಹೆಸರಿನ ಕೆಳಗೆ 'ಹೆಣ್ಣು ಮಗು' ಎಂದಷ್ಟೇ ಇತ್ತು. ಅದರ ಮೇಲೆ ವಕೀಲರು ಅರ್ಜಿ ಹಾಕಿ ಕೇಸನ್ನು ಮಕ್ಕಳ ಕೋರ್ಟಿಗೆ ತಂದರು. ಅಷ್ಟರವರೆಗೆ ಆ ಹುಡುಗಿಯನ್ನು ದೊಡ್ಡ ಹೆಂಗಸರ ಆಶ್ರಯಧಾಮದಲ್ಲಿ ಇಟ್ಟಿದ್ದರು, ನಾನು ಬರೆದ ಎರಡು ಸಾಲಿನ ಪ್ರಕಾರ.

ದಾಖಲಾತಿ ಪುಸ್ತಕವನ್ನು ಕೋರ್ಟಿಗೆ ತರಬೇಕಾದವಳು ಶಾಲೆಯ ಈಗಿನ ಹೆಡ್ ಮೇಡಂ. ನನ್ನ ಕೈಕೆಳಗೆ ಟೀಚರಾಗಿ ಪಳಗಿದವಳು. ಮನೆಗೆ ಬಂದು ಕಾಫಿ ಕುಡಿದು ಮೆಲ್ಲಗೆ ಶುರುಮಾಡಿದಳು. "ಯಾಕೆ ಮೇಡಂ ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೋತೀರ? ಎಲ್ರೂ ಮಾಡಿರೋದೇ ತಾನೆ? ಪೆನ್ಶನ್‌ಗೆ ಏನಾದ್ರೂ ಕುತ್ತು ಬಂದ್ರೆ? ನೆನಪಿಲ್ಲ ಅಂದ್ಬಿಡಿ, ವಯಸ್ಸಾಗಿದೆ, ಯಾರೂ ತಪ್ಪು ತಿಳ್ಕೊಳಲ್ಲ." ಅವಳ ಮೇಲೆ ರೇಗಿದೆ. ರೇಗಿದ್ದು ಅವಳ ಮಾತಿಗಲ್ಲ. ಆ ಮಾತು ಅವಳು ಬರುವ ಮೊದಲೇ ನನ್ನ ಮನಸ್ಸಿನಲ್ಲಿ ಎರಡು ದಿನ ಕೂತೆದ್ದು ಹೋಗಿತ್ತು, ಅದಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು.

ಮಾರ್ಚಿನಲ್ಲಿ ಸಾಕ್ಷಿಗೆ ಕರೆ ಬಂತು. ಮಕ್ಕಳ ಕೋರ್ಟು ಸಣ್ಣ ಕೋಣೆ, ಹೊರಗಿನವರಿಗೆ ಪ್ರವೇಶವಿಲ್ಲ. ಹುಡುಗಿಯ ಹೇಳಿಕೆ ಅಂದು ಬೆಳಿಗ್ಗೆಯೇ ಮುಗಿದಿತ್ತು, ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದರು. ಮಾರಿದ ಹೆಂಗಸು ಮೂಲೆಯಲ್ಲಿ ನಿಂತಿದ್ದಳು. ಅಗಲ ಕುಂಕುಮ, ಇಸ್ತ್ರಿ ಮಾಡಿದ ಸೀರೆ, ನೋಡಿದರೆ ಯಾರ ಮನೆಯ ಚಿಕ್ಕಮ್ಮನೋ ಎನ್ನಬೇಕು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಸರಾಗವಾಗಿ ಹೇಳಿದೆ. ತಾಯಿ ಹೇಳಿದ್ದು ಬರುವ ಪರಿಷೆಗೆ ಐದು ಎಂದು, ನಾನು ಬರೆದದ್ದು ಆರು ಎಂದು, ಯಾವ ಕಾಗದವನ್ನೂ ನೋಡಲಿಲ್ಲವೆಂದು.

ಆಮೇಲೆ ಆ ಕಡೆಯ ವಕೀಲ ಎದ್ದ. ಒಳ್ಳೆಯ ಕನ್ನಡ, ಮೆದು ದನಿ. "ತಾಯಿಯ ಕಷ್ಟ ನೋಡಿ ಸುಳ್ಳು ಬರೆದೆ ಅಂತೀರಿ. ಒಪ್ಪೋಣ. ಆದ್ರೆ ನಿಮ್ಮ ಶಾಲೆ ಪಕ್ಕದಲ್ಲೇ ಅಂಗನವಾಡಿ ಇತ್ತಲ್ವಾ, ಅಮ್ಮಾ? ನಾಲ್ಕೂವರೆ ವರ್ಷದ ಮಗೂನ ಅಲ್ಲಿಗೆ ಕಳಿಸ್ಬಹುದಿತ್ತು. ಒಂದು ಮಾತಿನ ಕೆಲಸ. ಅದು ಬಿಟ್ಟು, ಒಬ್ಬ ಹೆಡ್ ಮೇಡಂ ಸರ್ಕಾರಿ ದಾಖಲೇಲಿ ಯಾಕೆ ಸುಳ್ಳು ಬರೀತಾರೆ? ಬರೆಯಲ್ಲ. ಮಗುವಿಗೆ ನಿಜವಾಗ್ಲೂ ಆರು ತುಂಬಿತ್ತು, ಅದಕ್ಕೇ ಬರೆದ್ರಿ. ಈ ಜನನ ಪತ್ರ ಬೇರೆ ಯಾವುದೋ ಮಗೂದು. ಈಗ ಕರುಣೆಯಿಂದ ಸುಳ್ಳು ಹೇಳ್ತಿದೀರಿ. ಸರಿ ತಾನೆ?"

ಅಂಗನವಾಡಿ ಇತ್ತು. ನಮ್ಮ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ನ್ಯಾಯಾಧೀಶರು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಕರುಣೆ ಎಂದರೆ ಅವರು ನಂಬುವುದಿಲ್ಲ, ನಂಬಬಾರದು ಕೂಡ. ನಂಬಬಹುದಾದ ಕಾರಣ ಒಂದೇ ಇತ್ತು. ಅದನ್ನು ಹೇಳಿದರೆ ಇಪ್ಪತ್ತಾರು ವರ್ಷ ಸಂಪಾದಿಸಿದ ಮರ್ಯಾದೆ ಅಲ್ಲಿಯೇ ಮಣ್ಣುಪಾಲು.

"ಆ ವರ್ಷ ಒಂದನೇ ತರಗತಿಗೆ ಒಂದು ಮಗು ಕಮ್ಮಿ ಇತ್ತು" ಎಂದೆ. "ಸಂಖ್ಯೆ ತುಂಬದಿದ್ರೆ ನಮ್ಮ ಒಬ್ಬ ಟೀಚರ್ ಹುದ್ದೆ ಹೋಗ್ತಿತ್ತು. ಆ ವಾರ ಇನ್‌ಸ್ಪೆಕ್ಷನ್ ಇತ್ತು. ಯಾವುದಾದ್ರೂ ಮಗು ಬರಲಿ ಅಂತ ಬಾಗಿಲು ನೋಡ್ತಾ ಕೂತಿದ್ದೆ. ಈ ಮಗು ಬಂತು. ಅಂಗನವಾಡಿಗೆ ಕಳಿಸ್ಬಹುದಿತ್ತು, ಕಳಿಸಲಿಲ್ಲ. ನಂಗೆ ಒಂದು ಹೆಸರು ಬೇಕಿತ್ತು, ಸ್ವಾಮಿ. ಅದಕ್ಕೆ ಬರೆದೆ. ದಾಖಲಾತಿ ಪುಸ್ತಕ ತೆಗೆಸಿ ನೋಡಿ, ಆ ವರ್ಷದ ಕೊನೇ ಹೆಸರು ಅವಳದು."

ನ್ಯಾಯಾಧೀಶರು ಪುಸ್ತಕ ತರಿಸಿ ನೋಡಿದರು. ಕೊನೆಯ ಹೆಸರು ಅವಳದೇ. ಆ ಕಡೆಯ ವಕೀಲ ಮತ್ತೇನೂ ಕೇಳದೆ ಕೂತ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶಾಲೆಯ ದಾಖಲೆಯನ್ನು ಪಕ್ಕಕ್ಕಿಟ್ಟು ಜನನ ಪತ್ರವನ್ನೇ ಒಪ್ಪಿದರು. ಕೆಲವು ತಿಂಗಳ ಮೇಲೆ ತೀರ್ಪು ಬಂತು, ಮಗುವನ್ನು ಮಾರಿದ ಅಪರಾಧವೆಂದೇ. ಆ ಹೆಂಗಸು ಇನ್ನು ಹತ್ತು ವರ್ಷ ಹೊರಗೆ ಬರುವುದಿಲ್ಲ. ಇಲಾಖೆಯಿಂದ ನನಗೊಂದು ನೋಟಿಸು ಬಂತು. ಹೌದು, ಬರೆದೆ ಎಂದು ಉತ್ತರ ಕೊಟ್ಟಿದ್ದೇನೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಯಾರ ಹುದ್ದೆ ಉಳಿಸಲು ಬರೆದಿದ್ದೆನೋ ಅವಳೇ ಈಗಿನ ಹೆಡ್ ಮೇಡಂ. ನಾನು ಸಾಕ್ಷಿ ಹೇಳಿದ ದಿನದಿಂದ ಅವಳು ನಮ್ಮ ಮನೆಗೆ ಬಂದಿಲ್ಲ.

ಇದೆಲ್ಲ ನನಗೆ ಅಷ್ಟಾಗಿ ಚುಚ್ಚುವುದಿಲ್ಲ. ಚುಚ್ಚುವುದು ಸಾಕ್ಷಿ ಮುಗಿಸಿ, ಹೇಳಿಕೆಗೆ ಸಹಿ ಹಾಕಿ ಹೊರಗೆ ಬಂದಾಗಿನದು. ಕಾರಿಡಾರಿನ ಬೆಂಚಿನ ಮೇಲೆ ಹುಡುಗಿ ಕೂತಿದ್ದಳು, ತಾಯಿ ಪಕ್ಕದಲ್ಲಿ. ಸರ್ಕಾರಿ ವಕೀಲರು ಆಗಷ್ಟೇ ಅವಳಿಗೆ ಅವಳ ನಿಜವಾದ ವಯಸ್ಸು ಹೇಳಿ ಒಳಗೆ ಹೋಗಿದ್ದರು. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ಎದ್ದು ನಿಲ್ಲುತ್ತಿದ್ದ ಹಾಗೆಯೇ.

"ಮೇಡಂ, ಅವಾಗ ನಂಗೆ ಹದಿನಾರಾ?"

"ಹೂಂ ಕಂದಾ."

ಅವಳು ಅಳಲಿಲ್ಲ. ಬೆರಳಿನ ಉಗುರು ನೋಡಿಕೊಳ್ಳುತ್ತಾ ಮಾತಾಡಿದಳು. "ಆಯಮ್ಮ ನನ್ ಆಧಾರ್ ಕಾರ್ಡ್ ಇಸ್ಕೊಂಡು ನೋಡಿದ್ಲು. ಜೂನ್ ಒಂದಕ್ಕೆ ಹದಿನೆಂಟಾಗೋಯ್ತಲ್ಲ, ಇನ್ನೇನು, ಅಮ್ಮನ್ನ ಕೇಳೋ ವಯಸ್ಸಾ ನಿಂದು ಅಂದ್ಲು. ನಂಗೂ ಹೌದು ಅನ್ನಿಸ್ತು. ದೊಡ್ಡೋಳಾಗಿದೀನಿ, ನಾನೇ ದುಡಿದು ಅಮ್ಮನ್ನ ಮಂಡಿಯಿಂದ ಬಿಡಿಸ್ತೀನಿ ಅಂದ್ಕೊಂಡೆ. ಅಲ್ಲಿ ಇದ್ದಷ್ಟು ದಿನಾನೂ ದೊಡ್ಡೋಳಾಗಿ ಬುದ್ಧಿ ಇಲ್ವಲ್ಲ ಅಂತ ನನ್ನನ್ನೇ ಬೈಕೊಂಡೆ." ತಲೆ ಎತ್ತಿದಳು. "ಹದಿನಾರು ಅಂತ ಗೊತ್ತಿದ್ದಿದ್ರೆ ಅಮ್ಮನ್ನ ಕೇಳ್ತಿದ್ದೆ, ಮೇಡಂ."

ತಪ್ಪಾಯಿತು, ಕ್ಷಮಿಸು ಎಂದೆ. ಅವಳು ತಾಯಿಯ ಪಕ್ಕ ಮತ್ತೆ ಕೂತು ಅವಳ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಳು.