ಭಾನುವಾರದ ಸೊನ್ನೆ

ಆ ಭಾನುವಾರ ನಾನು ಮಳೆ ಅಳೆಯಲಿಲ್ಲ. ಅಳೆದೆನೆಂದು ಬರೆದೆ. ಬರೆದ ಸುಳ್ಳು ಒಂದೇ ಒಂದು ಅಂಕಿ — ಸೊನ್ನೆ. ಅದರಿಂದ ಸುಳ್ಳುಗಾತಿ ಎನಿಸಿಕೊಂಡವಳು ನನ್ನ ಗೆಳತಿ ಕರಿಯಮ್ಮ. ಅದರ ಮೇಲೆ ಕಾಲಿಟ್ಟು ಮುಂದಕ್ಕೆ ಬಂದವಳು ನಾನು.

1974ರ ಜುಲೈ 14. ನನಗೆ ಹನ್ನೊಂದನೇ ವಯಸ್ಸಿನಿಂದ ದಿನಚರಿ ಬರೆಯುವ ಅಭ್ಯಾಸ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಪುಟ ಓದಿದೆ, ಎಷ್ಟು ಬಿಂದಿಗೆ ನೀರು ತಂದೆ — ಎಲ್ಲಕ್ಕೂ ಗೀಟು ಹಾಕಿ ಲೆಕ್ಕ ಇಟ್ಟವಳು. ಆದ್ದರಿಂದ ಮರೆತುಹೋಗಿದೆ ಎಂದು ಹೇಳುವ ದಾರಿ ನನಗಿಲ್ಲ.

ಆಗ ನಾವಿಬ್ಬರೂ ಚಿಕ್ಕಜಾಜೂರಿನಲ್ಲಿ ಒಂಬತ್ತನೇ ತರಗತಿ. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಕರಿಯಮ್ಮನದು ಎರಡು ಮೈಲಿ ಆಚೆಯ ಹಟ್ಟಿ; ಕುರಿ ಮಂದೆ, ಒಂದಿಷ್ಟು ಬೆದ್ದಲು ಹೊಲ. ನಮ್ಮಿಬ್ಬರ ಮನೆಯಲ್ಲೂ ಅಲ್ಲಿಯವರೆಗೆ ಯಾವ ಹೆಣ್ಣುಮಗಳೂ ಏಳನೇ ತರಗತಿ ದಾಟಿರಲಿಲ್ಲ. ದಾಟಿಸಿದವರು ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದ ವಿಶಾಲಮ್ಮ ಟೀಚರ್. ರಜೆಯ ದಿನ ಕೊಡೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಮಗಳನ್ನು ಬಿಡಿಸಬೇಡಿ, ಇವಳು ನರ್ಸಾಗಬಹುದು, ರೇಡಿಯೋ ಕಟ್ಟಬಹುದು, ಎಂಜಿನಿಯರೂ ಆಗಬಹುದು ಎಂದು ನಮ್ಮ ಎದುರಿಗೇ ಹೇಳುತ್ತಿದ್ದರು. ಆ ಮಾತುಗಳನ್ನು ನಮ್ಮ ಹೆಸರಿನ ಜೊತೆ ಸೇರಿಸಿ ಹೇಳಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ. ಈಗ ನೆನೆದರೂ ಎದೆ ತುಂಬುತ್ತದೆ.

ಟೀಚರ್ ಕರಿಯಮ್ಮನ ಹಟ್ಟಿಗೆ ಹೋದಾಗ ನಾನೂ ಜೊತೆಗಿದ್ದೆ. ಅವಳಪ್ಪ ಕಂಬಳಿ ಹಾಸಿ ಕೂರಿಸಿದ. ಮಗಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಟೀಚರ್ ಹೇಳಿದರೆ ಅವನಿಗೆ ನಗು.

“ಕುರೀನ ಎಣಿಸಬಾರದ್ರಿ ತಾಯಿ. ಎಣಿಸಿದ್ರೆ ಕಮ್ಮಿ ಆಗ್ತವೆ ಅಂತಾರೆ ಹಿರೇರು.”

“ಹಂಗಾದ್ರೆ ಮಳೆ ಅಳೀಲಿ ಬಿಡ್ರಿ. ಅದು ಹೆಂಗೂ ಕಮ್ಮೀನೇ ಐತಲ್ಲ,” ಎಂದರು ಟೀಚರ್.

ಅವನು ನಕ್ಕು ಒಪ್ಪಿಕೊಂಡ.

ಹಾಗೆ ಶುರುವಾಯಿತು ನಮ್ಮ ಮಳೆ ಲೆಕ್ಕ. ಶಾಲೆಯ ಹಿಂದಿನ ಬಯಲಿನಲ್ಲಿ ಒಂದು ಗಾಜಿನ ಬಾಟಲಿ, ಅದರ ಬಾಯಿಗೆ ತಗಡಿನ ಲಾಳಿಕೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡಬೇಕು, ಬರೆಯಬೇಕು, ಚೆಲ್ಲಿ ಬಾಟಲಿಯನ್ನು ಮತ್ತೆ ಇಡಬೇಕು. ಸೋಮವಾರದಿಂದ ಭಾನುವಾರಕ್ಕೆ ಒಂದು ವಾರ ಅವಳು, ಒಂದು ವಾರ ನಾನು. ಇಬ್ಬರಿಗೂ ಒಂದೇ ನೋಟ್‌ಬುಕ್. ಟೀಚರ್ ಹಾಕಿದ ಕಟ್ಟಳೆಯೂ ಒಂದೇ: ಕಂಡದ್ದನ್ನು ಬರೆಯಿರಿ, ಹೋಗಲು ಆಗದಿದ್ದರೆ ಖಾಲಿ ಬಿಡಿ, ಖಾಲಿಗೆ ನಾನು ಬೈಯುವುದಿಲ್ಲ, ಊಹೆ ಮಾಡಿ ಮಾತ್ರ ತುಂಬಬೇಡಿ.

ದಸರಾ ರಜೆಯಲ್ಲಿ ಚಿತ್ರದುರ್ಗದಲ್ಲಿ ಎರಡು ವಾರ ವಿಜ್ಞಾನ ಶಿಬಿರವಿತ್ತು. ನಮ್ಮ ಶಾಲೆಯಿಂದ ಒಬ್ಬರಿಗೆ ಮಾತ್ರ ಜಾಗ. ಯಾರ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬಹುದೋ ಅವರ ಹೆಸರು ಕಳಿಸುತ್ತೇನೆ ಎಂದಿದ್ದರು ಟೀಚರ್. ನಾನೋ ಅವಳೋ — ಮೂರನೆಯವರಿರಲಿಲ್ಲ.

ಜೂನ್ 3ರಿಂದ ಜುಲೈ 13ರವರೆಗೆ ನಲವತ್ತೊಂದು ದಿನ. ಒಂದು ಖಾಲಿ ಇಲ್ಲ, ಒಂದು ಚಿತ್ತಿಲ್ಲ. ಆ ಶನಿವಾರ ಬೆಳಿಗ್ಗೆ ಅಳೆದು ಬರೆದು ಸೋದರತ್ತೆಯ ಮಗುವಿನ ನಾಮಕರಣಕ್ಕೆಂದು ಅಪ್ಪನ ಜೊತೆ ಹಿರಿಯೂರಿಗೆ ಹೋದೆ. ಭಾನುವಾರದ್ದೂ ನನ್ನದೇ ಸರದಿ ಎಂದು ಗೊತ್ತಿತ್ತು. ಬೆಳಿಗ್ಗೆಯೇ ಬಂದುಬಿಡುತ್ತೇನೆ ಎಂದುಕೊಂಡಿದ್ದೆ, ಬಂದದ್ದು ಸಂಜೆ. ನೆಲ ಒಣಗಿತ್ತು. ನೋಟ್‌ಬುಕ್ ಮನೆಯಲ್ಲೇ ಇತ್ತು. ತೆರೆದರೆ ಗೀಟು ಹಾಕಿದ ಪುಟದಲ್ಲಿ ನಲವತ್ತೊಂದು ತುಂಬಿದ ಮನೆಗಳ ಕೆಳಗೆ ಒಂದು ಖಾಲಿ ಮನೆ. ನನ್ನಂಥವಳಿಗೆ ಅದನ್ನು ಹಾಗೆ ನೋಡಲು — ಆಗಲಿಲ್ಲ. ಸೊನ್ನೆ ಬರೆದೆ.

ಮಸಿ ಆರುವುದರೊಳಗೆ ಅಮ್ಮ ಒಲೆಯ ಮುಂದಿನಿಂದ ಹೇಳಿದಳು: ಶನಿವಾರ ಮಧ್ಯಾಹ್ನ ನೀವು ಅತ್ತ ಹೋದಮೇಲೆ ಒಳ್ಳೆ ಹದವಾದ ಮಳೆ ಬಂತು, ಒಣಹಾಕಿದ್ದ ಸೀರೆ ನೆಂದುಹೋಯಿತು.

ಅಂದರೆ ಬಾಟಲಿಯಲ್ಲಿ ನೀರಿದೆ. ನನಗೆ ಆಗಲೇ ಅರ್ಥವಾಯಿತು. ಸೊನ್ನೆಯನ್ನು ಹೊಡೆದುಹಾಕಿದರೆ ಪುಟ ಕೆಡುತ್ತದೆ, ಟೀಚರ್ ಕೇಳುತ್ತಾರೆ, ಶಿಬಿರ... ನೋಟ್‌ಬುಕ್ ಮುಚ್ಚಿದೆ. ಮರುದಿನ ಶಾಲೆಗೆ ಬೇಗ ಹೋಗಿ ಅದನ್ನು ಕರಿಯಮ್ಮನ ಕೈಗೆ ಕೊಟ್ಟೆ, ಒಂದು ಮಾತೂ ಆಡದೆ. ಅವಳು ಹೋಗಿ ಅಳೆದು ‘14 ಮಿ.ಮೀ.’ ಎಂದು ಬರೆದು, ನೀರು ಚೆಲ್ಲಿ ಬಂದಳು.

ಮಧ್ಯಾಹ್ನ ಟೀಚರ್ ಇಬ್ಬರನ್ನೂ ಕರೆದರು. ಅವರು ಶನಿವಾರ, ಭಾನುವಾರ ಚಿತ್ರದುರ್ಗದಲ್ಲಿದ್ದು ಹಿಂದಿನ ಸಂಜೆಯಷ್ಟೇ ಬಂದಿದ್ದರು. ನಿನ್ನೆ ಸಂಜೆ ನಾನು ಬಂದಾಗ ನೆಲ ಒಣಗಿತ್ತು, ರಾತ್ರಿಯೂ ಒಂದು ಹನಿ ಬಿದ್ದಿಲ್ಲ, ಹದಿನಾಲ್ಕು ಎಲ್ಲಿಂದ ಬಂತು ಎಂದು ಕೇಳಿದರು.

“ನಂಗೂ ಗೊತ್ತಿಲ್ಲ ಟೀಚರ್. ನಮ್ಮಪ್ಪ ಮಂದೆ ಜೊತೆ ಬಯಲಲ್ಲೇ ಮಲಗಿದ್ದ, ಅವನ ಕಂಬಳೀನೂ ನೆಂದಿಲ್ಲ. ಆದ್ರೂ ಬಾಟ್ಲೀಲಿ ನೀರಿತ್ತು. ಕಂಡಿದ್ದು ಬರ್ದೀನಿ,” ಎಂದಳು ಕರಿಯಮ್ಮ.

ಟೀಚರ್ ನನ್ನ ಕಡೆ ತಿರುಗಿದರು. “ನಿನ್ನೆ ನೀನು ನೋಡಿದಾಗ ಹೆಂಗಿತ್ತು ಸರೋಜ?”

“ಒಣಗಿತ್ತು ಟೀಚರ್.”

ಎರಡು ಪದ. ಶನಿವಾರದ ಮಳೆ ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಕರಿಯಮ್ಮನ ಹಟ್ಟಿಯ ಕಡೆ ಅದು ಬಂದಿರಲೇ ಇಲ್ಲ. ಟೀಚರ್ ಗದರಲಿಲ್ಲ, ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ, ಕರಿಯಮ್ಮನ ಕಡೆ ನೋಡಿ, ನಿನ್ನಿಂದ ಇದನ್ನು ನಾನು ಎಣಿಸಿರಲಿಲ್ಲ ಕಣಮ್ಮ ಎಂದರು. ಕರಿಯಮ್ಮ ಅಳಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಿಂತಳು, ಇನ್ನೊಂದು ಸಲ ಕೇಳಲಿ ಎನ್ನುವಂತೆ. ಅವರು ಕೇಳಲಿಲ್ಲ.

ಶಿಬಿರಕ್ಕೆ ನಾನು ಹೋದೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿದೆ, ಹಳೆಯ ರೇಡಿಯೋ ಒಂದನ್ನು ಬಿಚ್ಚಿ ಮತ್ತೆ ಮಾತಾಡಿಸಿದೆ. ವಿಜ್ಞಾನವನ್ನೇ ಓದುತ್ತೇನೆ ಎಂದು ನಿಶ್ಚಯಿಸಿದ್ದು ಅಲ್ಲಿ. ಆ ಹದಿನಾಲ್ಕು ದಿನಗಳಿಗೆ ನಾನು ಇಂದಿಗೂ ಋಣಿ. ಸುಳ್ಳು ಹೇಳಿ ಪಡೆದದ್ದಕ್ಕೆ ಕೃತಜ್ಞತೆ ಸಲ್ಲುತ್ತದೆಯೇ — ಗೊತ್ತಿಲ್ಲ. ಇದೆ ಎನ್ನುವುದಂತೂ ನಿಜ.

ವಾಪಸು ಬಂದು ನೋಟ್‌ಬುಕ್ ತೆರೆದೆ. ಅಷ್ಟೂ ದಿನ ಕರಿಯಮ್ಮ ಒಬ್ಬಳೇ ಎರಡು ಮೈಲಿ ನಡೆದು ಬಂದು ಅಳೆದಿದ್ದಳು. ಯಾರೂ ನಂಬದ ಮೇಲೂ! ಹದಿಮೂರು ಅಂಕಿ, ಮತ್ತೆ ಒಂದು ಮನೆಯಲ್ಲಿ ಅವಳ ದುಂಡು ಅಕ್ಷರ: ‘ಹೋಗಲಿಲ್ಲ. ಕುರಿ ಈಯುತ್ತಿತ್ತು.’ ವಿಜ್ಞಾನದಲ್ಲಿ ನಾನು ಕಲಿತ ದೊಡ್ಡ ಪಾಠ ಆ ಒಂದು ಸಾಲು. ಹಾಗೆಂದು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಹತ್ತನೇ ತರಗತಿ ಮುಗಿಸಿ ಅವಳು ಓದು ನಿಲ್ಲಿಸಿದಳು. ಹೊರಕೆರೆದೇವಪುರದ ಕಡೆ ಮದುವೆಯಾಯಿತು. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ದಿನಚರಿಯಲ್ಲಿ ‘ಕರಿಯಮ್ಮನಿಗೆ ಹೇಳಬೇಕು’ ಎಂದು ನಾನು ಬರೆದಿರುವುದು ಇಪ್ಪತ್ಮೂರು ಸಲ. ಹೇಳಿದ್ದು ಈ ವರ್ಷ, 1979ರ ಮೇ 13ರಂದು, ಅವಳ ಮನೆಯ ಜಗಲಿಯಲ್ಲಿ.

ಅವಳು ಕೈಯಲ್ಲಿದ್ದ ಉಣ್ಣೆಯನ್ನು ಬಿಡಿಸುತ್ತಲೇ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಐದು ವರ್ಷ ಯೋಚ್ನೆ ಮಾಡೀನಿ ಕಣೇ, ಆ ನೀರು ಎಲ್ಲಿಂದ ಬಂತು ಅಂತ,” ಎಂದಳು. ಉಣ್ಣೆಯನ್ನು ಪಕ್ಕಕ್ಕಿಟ್ಟು, “ಟೀಚರ್‌ಗೆ ಹೇಳಿದ್ಯಾ?”

ಇಲ್ಲ ಎಂದೆ.

“ಮತ್ತೆ ನನ್ ಹತ್ರ ಯಾಕ್ ಅಳ್ತೀಯ? ನಾ ಬರ್ದಿದ್ದು ಸರಿ ಅಂತ ನಂಗೆ ಗೊತ್ತೇ ಐತೆ. ಗೊತ್ತಿಲ್ದಿರೋದು ಅವರಿಗೆ.”

ಬೇಸಿಗೆ ರಜೆಗೆ ಅಕ್ಕನ ಮನೆಗೆ ಬಂದಿದ್ದ ಅವಳ ತಂಗಿ ಹನುಮಕ್ಕ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಏಳನೇ ತರಗತಿ ಮುಗಿಸಿದ್ದಾಳೆ. ಅಪ್ಪ ಸಾಕು ಎನ್ನುತ್ತಿದ್ದಾನೆ. ಇವಳನ್ನು ಕರೆದುಕೊಂಡು ಹೋಗು, ಟೀಚರ್ ಹತ್ತಿರ ಓದಿಗೆ ದಾರಿ ಕೇಳು, ಇವಳ ಮುಂದೆಯೇ ಎಲ್ಲವನ್ನೂ ಹೇಳು ಎಂದಳು ಕರಿಯಮ್ಮ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು, ಬಡಿಸಿದಳು.

ಟೀಚರ್‌ಗೆ ಈಗ ಹೊಸದುರ್ಗಕ್ಕೆ ವರ್ಗವಾಗಿದೆ. ನಾಳೆ ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಹನುಮಕ್ಕ ನನಗಾಗಿ ಕಾಯುತ್ತಾಳೆ. ಅಲ್ಲಿಂದ ಇಬ್ಬರೂ ಬಸ್ಸು ಹತ್ತುತ್ತೇವೆ. ಏನೇನು ಹೇಳಬೇಕೆಂದು ಮೂರು ಸಲ ಬರೆದು ಹರಿದೆ. ಮೂರರಲ್ಲೂ ನನ್ನ ಸಂಕಟವೇ ಮುಂದಿತ್ತು. ಅದು ಆಮೇಲೆ ಬರಲಿ, ಅಥವಾ ಬರದಿರಲಿ. ಬಾಗಿಲಲ್ಲಿ ನಿಂತು ನಾನು ಹೇಳುವ ಮೊದಲ ಮಾತು: ಟೀಚರ್, ಕರಿಯಮ್ಮ ಬರೆದದ್ದು ಸರಿ ಇತ್ತು.