ಸಾಬಣ್ಣನ ಗಂಗಾಳ ಸಿನಿಮಾ

ಮಾನ್ವಿಯಲ್ಲಿ ಟಿ.ವಿ. ರಿಪೇರಿ ಮಾಡುವ ಸಾಬಣ್ಣನಿಗೆ ಇರುವುದು ಏಳೇ ಬೆರಳು. ಬಲಗೈಯ ತೋರುಬೆರಳು ಮತ್ತು ಅದರ ಪಕ್ಕದ ಎರಡು ಒಟ್ಟಿಗೇ ಹೋಗಿವೆ. ಹಾಗಾಗಿ ಯಾರ ಕಡೆಗೂ ಬೆರಳು ಮಾಡಿ ತೋರಿಸುವ ಯೋಗ ಅವನಿಗಿಲ್ಲ. ಊರು ಮಾತ್ರ ಮೂವತ್ತು ವರ್ಷದಿಂದ ಅವನ ಕಡೆ ಧಾರಾಳವಾಗಿ ಬೆರಳು ಮಾಡುತ್ತ ಬಂದಿದೆ. 'ಕೈ ಹಾಕೋ ಸಾಬಣ್ಣ' ಅಂದರೆ ಸಾಕು, ಆಟೋದವರು ಮನೆ ಮುಂದೆಯೇ ಇಳಿಸುತ್ತಾರೆ.

ಮಸರಕಲ್ಲಿನ ಕುರಿ ಕಾಯುವ ಮನೆತನದವನು. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಸೇರಿದಾಗ ಇಪ್ಪತ್ತೈದು ವಯಸ್ಸು. ಆ ವರ್ಷವೇ ಮಷಿನ್ ಮಾರಿದ ಪರದೇಶದ ಕಂಪನಿಯವರು ಕ್ಯಾಮೆರಾ ಹೊತ್ತು ಬಂದರು. ಕೆಲಸಗಾರರು ಹೇಗಿರಬೇಕು, ಹೇಗಿರಬಾರದು ಎಂದು ಒಂದು ಸುರಕ್ಷತೆಯ ಚಿತ್ರ ತೆಗೆಯಬೇಕಿತ್ತು. ಹೇಗಿರಬೇಕು ಎಂಬುದಕ್ಕೆ ಮಾಲೀಕರ ಅಳಿಯ ಸಿಕ್ಕ. ಹೇಗಿರಬಾರದು ಎಂಬುದಕ್ಕೆ ಸಾಬಣ್ಣ ಸಿಕ್ಕ. ಹೊಸ ಅಂಗಿ ಕೊಟ್ಟರು. ತಿರುಗುವ ಮಷಿನ್ನಿನ ಕಡೆ ಕೈ ಚಾಚಿ ನಗಬೇಕು, ಅಷ್ಟೇ ಪಾತ್ರ. ನಕ್ಕ.

ಹನ್ನೆರಡು ದಿನದ ಮೇಲೆ ಅದೇ ಮಷಿನ್ನು ನಟನೆ ಬಿಟ್ಟು ನಿಜವಾಗಿಯೇ ಕೈ ಎಳೆದುಕೊಂಡಿತು. ಹಲ್ಲುಗಳ ಮುಂದೆ ಇರಬೇಕಾದ ಕಬ್ಬಿಣದ ಜಾಲರಿ ಇರಲಿಲ್ಲ. ಕೆಲವು ತಿಂಗಳ ಮೇಲೆ ನಡೆದ ವಿಚಾರಣೆಯಲ್ಲಿ ಸೂಪರ್‌ವೈಸರ್ ಶರಣಯ್ಯ, "ಜಾಲರಿ ಅಂವನ ಬಿಚ್ಯಾನ್ರಿ" ಎಂದುಬಿಟ್ಟ. "ನಾ ಬಿಚ್ಚಿಲ್ರಿ ಯಪ್ಪಾ" ಎಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಚಿತ್ರವೂ ತಯಾರಾಗಿ ಬಂದಿತ್ತು. ವಿಚಾರಣೆಯ ಸಾಹೇಬರು ಅದನ್ನು ನೋಡಿದ್ದರು. ಮಷಿನ್ನಿಗೆ ಕೈ ಹಾಕುವವನು ಇವನೇ ಎಂದು ಅವರಿಗೆ ಮುಖಪರಿಚಯವಿತ್ತು. ಮಿಲ್ಲು ಸಾಬಣ್ಣನನ್ನು ಕೈಬಿಟ್ಟಿತು. ಬೆರಳುಗಳು ಮೊದಲೇ ಬಿಟ್ಟಿದ್ದವು.

ಚಿತ್ರ ಮಾತ್ರ ನೌಕರಿಯಲ್ಲೇ ಉಳಿಯಿತು. ರಾಯಚೂರಿನ ತರಬೇತಿ ಕೇಂದ್ರದಲ್ಲಿ ಪ್ರತಿ ವರ್ಷ ಹೊಸಬರಿಗೆ ತೋರಿಸುತ್ತಿದ್ದರು. ಅವರು ನಗುತ್ತಿದ್ದರು.

ಹೋದ ವರ್ಷ ಆ ಕೇಂದ್ರ ಮುಚ್ಚಿತು. ಅಲ್ಲಿನ ಸಾಮಾನೆಲ್ಲ ಹಿಡಿದ ಗುಜರಿ ಸತ್ತಾರ್ ಸಾಬ್ ಫೋನ್ ಮಾಡಿದ.

"ಸಾಬಣ್ಣಾ, ಗಂಗಾಳದಷ್ಟು ದೊಡ್ಡ ಸೀಡಿ ಹಾಕೋ ಪೆಟ್ಟಿಗಿ ಬಂದದ. ಇಬ್ರು ಎತ್ಬೇಕು. ನನಗ ಕಬ್ಬಿಣ, ನಿನಗ ಸಿನಿಮಾ. ಒಯ್ತಿ ಏನು?"

ಅದು ಲೇಸರ್ ಡಿಸ್ಕ್ ಪ್ಲೇಯರು. ಮನೆಗೆಂದು ಮಾಡಿದ್ದಲ್ಲ, ಕಾರ್ಖಾನೆ-ಶಾಲೆಗಳಿಗೆಂದು ಮಾಡಿದ್ದು. ಸೊಗಸಿಲ್ಲ, ರಿಮೋಟಿಲ್ಲ, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಎನ್ನುತ್ತಿತ್ತು. ನಮ್ಮ ಕರೆಂಟು ಒಗ್ಗದೆ ಟ್ರಾನ್ಸ್‌ಫಾರ್ಮರ್ ಹಚ್ಚಬೇಕಾಯಿತು. ಸತ್ತಾರ್ ಸಾಬ್ ಹೈದರಾಬಾದಿನಿಂದ ಒಂದು ಚೀಲ ಸಿನಿಮಾ ತಟ್ಟೆಗಳನ್ನೂ ತರಿಸಿಕೊಟ್ಟ. ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ ಸಾಬಣ್ಣನ ಮನೆಯಲ್ಲಿ ಸಿನಿಮಾ ಶುರುವಾಯಿತು. ಗಂಟೆಗೊಮ್ಮೆ ತಟ್ಟೆ ತಿರುವಿ ಹಾಕಬೇಕು. ಆಗ ಹೆಂಡತಿ ದುರುಗಮ್ಮ, "ರೊಟ್ಟಿ ಮಗಚೋ ಹೊತ್ತಾತೇನು?" ಎನ್ನುತ್ತ ಚಹಾಕ್ಕೆ ಎದ್ದು ಹೋಗುತ್ತಿದ್ದಳು.

ತಪ್ಪದೆ ಬರುತ್ತಿದ್ದವನು ಶರಣಯ್ಯ. ನಿವೃತ್ತನಾಗಿ ಎರಡು ಓಣಿ ಆಚೆ ಮನೆ ಕಟ್ಟಿಸಿದ್ದ. ಬಂದವರಿಗೆ ಕುರ್ಚಿ ಹಾಕದಿರಲು ಸಾಬಣ್ಣನಿಗೆ ಬರುತ್ತಿರಲಿಲ್ಲ.

ಒಂದು ಶನಿವಾರ ಪೆಟ್ಟಿಗೆಯ ಜೊತೆ ಬಂದ ರದ್ದಿಯಲ್ಲಿ ಆ ಸುರಕ್ಷತೆಯ ಚಿತ್ರದ ತಟ್ಟೆ ಸಿಕ್ಕಿತು. ಸಿನಿಮಾ ತಟ್ಟೆಯನ್ನು ನಡುವೆ ನಿಲ್ಲಿಸಿದರೆ ಪರದೆ ಖಾಲಿಯಾಗುತ್ತದೆ. ತರಬೇತಿ ತಟ್ಟೆ ಹಾಗಲ್ಲ, ಒಂದೊಂದೇ ಚಿತ್ರವನ್ನು ಅಲುಗದಂತೆ, ಎಷ್ಟು ಹೊತ್ತು ಬೇಕಾದರೂ ಹಿಡಿದು ನಿಲ್ಲಿಸುತ್ತದೆ. ಸಾಬಣ್ಣ ಉಳಿದ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತ ಒತ್ತುತ್ತ ಹೋದ. ರೆಪ್ಪೆ ಬಡಿಯುವಷ್ಟರಲ್ಲಿ ಕಳೆದುಹೋಗುವ ಒಂದು ಚಿತ್ರ ನಿಂತಿತು. ಮುಂದೆ ಹೊಸ ಅಂಗಿ ಹಾಕಿ, ಕೈ ಚಾಚಿ ನಗುವ ತಾನು. ಹಿಂದೆ, ಒಂದು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಕಂಕುಳಲ್ಲಿ ಬಿಚ್ಚಿದ ಜಾಲರಿ ಹಿಡಿದ ಶರಣಯ್ಯ.

ದುರುಗಮ್ಮ ಬಾಯಿಗೆ ಸೆರಗು ಹಿಡಿದಳು. "ಈಗ ಎಲ್ಲಿ ಒಯ್ಯೂದು ಇದನ್ನ? ಆ ವಿಚಾರಣಿ ಸಾಹೇಬ್ರು ಸತ್ತು ಯಾವ ಕಾಲ ಆತು. ಮಿಲ್ಲು ಮದುವಿ ಹಾಲ್ ಆಗ್ಯದ."

"ಎಲ್ಲೂ ಒಯ್ಯಲ್ಲ," ಎಂದ ಸಾಬಣ್ಣ. "ಅಂವ 'ಸಾಬಣ್ಣಾ, ನೀ ಬಿಚ್ಚಿಲ್ಲ' ಅಂದ್ರ ಸಾಕು. ಒಂದ ಮಾತು."

ಭಾನುವಾರ ಶರಣಯ್ಯ ಬಂದು ಕೂತ. ಪರದೆಯ ಮೇಲೆ ಆ ಚಿತ್ರ ನಿಂತಿತ್ತು. ಮುಂದಕ್ಕೆ ಬಗ್ಗಿ, ಕನ್ನಡಕ ಒರೆಸಿಕೊಂಡು ನೋಡಿದ.

"ಅಬಬಾ! ತಲಿ ತುಂಬ ಕೂದಲ ಇದ್ವು ನೋಡಲೇ ಸಾಬ್ಯಾ!"

"ಅಯ್ಯನೋರ, ಜಾಲರಿ ಯಾರ ಕೈಯಾಗ ಅದ?"

"ನನ್ನ ಕೈಯಾಗ ಅದ." ಶರಣಯ್ಯ ಆಗಲೇ ಫೋನು ತೆಗೆದು ಪರದೆಯ ಫೋಟೋ ಹಿಡಿಯುತ್ತಿದ್ದ. "ಮುಚ್ಚಿದ್ರ ಕೈ ಕಾಣಂಗಿಲ್ಲ, ಬಿಚ್ಚು ಅಂದ್ರು ಕ್ಯಾಮೆರಾದವ್ರು. ಬಿಚ್ಚಿದ್ನಿ. ತಿರುಗಿ ಹಾಕು ಅಂತ ಯಾರೂ ಹೇಳಲಿಲ್ಲ."

"ನಾ ಬಿಚ್ಚಿನಿ ಅಂತ ಹೇಳಿದ್ರಲ್ರಿ."

"ಯಾರದರ ಒಬ್ಬರ ಹೆಸರು ಬರೀಬೇಕಿತ್ತಪಾ. ನಿನ್ನ ಬೆರಳು ಹೆಂಗೂ ಹೋಗಿದ್ವು, ನನ್ನ ನೌಕರಿನೂ ಹೋಗಬೇಕಿತ್ತೇನು?" ಕುರ್ಚಿಗೆ ಒರಗಿದ. "ಹಳೇದ್ಯಾಕ ಕೆದರ್ತಿ? ಹೋದ ವಾರದ ಫೈಟಿಂಗ್ ಸಿನಿಮಾದ್ದು ಇನ್ನೊಂದು ಮಗ್ಗಲ ಉಳದದ, ಹಾಕು."

ಸಾಬಣ್ಣ ಹಾಕಲಿಲ್ಲ. ದುರುಗಮ್ಮ ಚಹಾಕ್ಕೆ ಏಳಲಿಲ್ಲ. ಪೆಟ್ಟಿಗೆಯ ಫ್ಯಾನು ಗುಂಯ್ ಎನ್ನುತ್ತಿತ್ತು, ಚಿತ್ರ ಕದಲಲಿಲ್ಲ. ಅರ್ಧ ಗಂಟೆ ಕೂತ ಶರಣಯ್ಯ ಎದ್ದು, "ಮಷಿನ್ ಕೆಟ್ಟದ ತೋರಿಸ್ಕೋ" ಎಂದು ಚಪ್ಪಲಿ ಮೆಟ್ಟಿದ. ಟಿ.ವಿ. ರಿಪೇರಿಯವನಿಗೆ!

ಸಂಜೆ ದುರುಗಮ್ಮನ ಫೋನಿಗೆ ಶರಣಯ್ಯನ ಮೊಮ್ಮಗಳು ಪ್ರಿಯದರ್ಶಿನಿಯ ಸ್ಟೇಟಸ್ ಬಂತು. ಅದೇ ಫೋಟೋ. ಕೆಳಗೆ, 'ನಮ್ಮ ಅಜ್ಜ, ಆ ಕಾಲದ ಸೇಫ್ಟಿ ಆಫೀಸರ್'. ಹುಡುಗಿ ಅಚ್ಚುಕಟ್ಟು, ಬೇಡದ್ದನ್ನೆಲ್ಲ ಕತ್ತರಿಸಿ ಪಾನಾ, ಜಾಲರಿ, ಅಜ್ಜನನ್ನಷ್ಟೇ ಇಟ್ಟಿದ್ದಳು. ಸಾಬಣ್ಣ ಇರಲಿಲ್ಲ.

ಅಂಚಿನಲ್ಲಿ ಅವನ ಬಲಗೈ ಮಾತ್ರ ಕತ್ತರಿಯಿಂದ ತಪ್ಪಿಸಿಕೊಂಡಿತ್ತು. ಸಾಬಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದ. ಐದೂ ಇದ್ದವು.