ಟವೆಲ್ ಹಾಕಿ ಹಿಡಿದ ಜಾಗ

ನನ್ನ ಕೈಗೆ ಪೆನ್ನು ಸಿಕ್ಕಿತೆಂದರೆ ಅದು ಮೊದಲು ಬರೆಯುವ ಪದ ‘ವಿಷಯ’. ರಾಣೇಬೆನ್ನೂರಿನ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ, ಪರರ ಸಂಕಷ್ಟಗಳನ್ನೆಲ್ಲ ಸಂಸ್ಕೃತಭೂಯಿಷ್ಠ ಅರ್ಜಿಗಳನ್ನಾಗಿಸಿದ ಪುಣ್ಯಫಲವದು. ಕಿರಾಣಿ ಚೀಟಿಯ ನೆತ್ತಿಯಲ್ಲೂ ‘ವಿಷಯ: ತೊಗರಿಬೇಳೆ ಇತ್ಯಾದಿ ಕುರಿತು’ ಎಂದು ಬರೆದು ಹೆಂಡತಿ ಸರೋಜಾಳಿಂದ ಬೈಸಿಕೊಂಡವನು ನಾನು.

ಕಳೆದ ವರ್ಷ ಹಾವೇರಿಯ ಆಸ್ಪತ್ರೆಯೊಂದರಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕುಳಿತಿದ್ದೆ. ಸರೋಜಾಳ ಕರುಳು ತೂತಾಗಿ ಮೈಯೆಲ್ಲ ನಂಜೇರಿತ್ತು. ಬದುಕುತ್ತಾಳೆಂದು ಹೇಳಲಾರೆವು ಎಂದಿದ್ದರು ವೈದ್ಯರು. ಕಣ್ಣು ಮುಚ್ಚಿ ದೇವರನ್ನು ಕರೆದೆ. ಮನಸ್ಸು ರೂಢಿಯಂತೆ ಆರಂಭಿಸಿತು: ‘ವಿಷಯ: ಪತ್ನಿಯ ಪ್ರಾಣರಕ್ಷಣೆ ಕುರಿತು. ಉಲ್ಲೇಖ:’ ಅಲ್ಲಿಗೇ ನಿಂತಿತು. ಆತನೊಡನೆ ನನ್ನ ಹಿಂದಿನ ಪತ್ರವ್ಯವಹಾರವೇ ಇರಲಿಲ್ಲವಲ್ಲ! ನಗಬೇಡಿ, ಹೆದರಿಕೆಗೆ ನನ್ನ ನಾಲಿಗೆ ಒಣಗಿತ್ತು.

ನೀರು ಕುಡಿದು ಬಂದವನು ಎದುರಿನ ಬೆಂಚಿನಲ್ಲಿ ಕೂರಹೋದೆ. ಅಲ್ಲೊಬ್ಬ ಹೆಂಗಸು ಇದ್ದಳು, ಪಕ್ಕದಲ್ಲಿ ಕೆಂಪು ಟವೆಲ್ ಹಾಸಿತ್ತು. ಅದನ್ನು ಸರಿಸಲು ಎತ್ತಿದೆನೋ ಇಲ್ಲವೋ, ಮೆಣಸಿನಕಾಯಿಯ ಘಾಟಿಗೆ ಮೂರು ಸೀನು ಬಂದವು.

“ಅಲ್ಲಿ ಬ್ಯಾಡ್ರಿ ಸರ, ಆ ಜಾಗಾ ಹಿಡದೇನ್ರಿ,” ಎಂದಳು.

ನಮ್ಮ ಕಡೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಅಲಿಖಿತ ಶಾಸನ. ಅದಕ್ಕೆ ತಕರಾರು ಮಾಡುವಂತಿಲ್ಲ. ಯಾರಿಗೆಂದು ಮಾತ್ರ ಕೇಳಿದೆ.

“ದೇವರಿಗೆ ರೀ. ಮಗಳು ಐಸಿಯುದಾಗ ಅದಾಳ. ಐದು ದಿನಾ ಆತು, ಕಣ್ಣ ತಗದಿಲ್ಲ. ಏನ್ ಬೇಡ್ಕೋಬೇಕು ನನಗೆಲ್ಲಿ ತಿಳೀತೈತ್ರಿ? ಯಪ್ಪಾ, ನನ್ನ ಮಗ್ಗಲಾಗ ಕುಂದ್ರು ಅಂದೇನಿ.”

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಗಂಗವ್ವ ಅವಳು, ಮೋಟೆಬೆನ್ನೂರಿನವಳು. ಕಣ್ಣೀರನ್ನು ಕೈಯಿಂದ ಒರೆಸದೆ, ಆ ಕಸುಬಿನವರ ರೂಢಿಯಂತೆ, ಹೆಗಲಿಗೆ ಒತ್ತಿಕೊಳ್ಳುತ್ತಿದ್ದಳು. ದೇವರನ್ನು ಉನ್ನತಾಧಿಕಾರಿಯೆಂದೇ ತಿಳಿದಿದ್ದ ನಾನು ಬೆಂಚಿನ ತುದಿಗೆ ಮುದುಡಿ ಕುಳಿತು, ಒಳಗೆ ನನ್ನ ಹೆಂಡತಿ ಇದ್ದಾಳೆಂದೆ.

ನರ್ಸು ಬಂದು ಅವಳನ್ನು ಕರೆದಳು. ಎದ್ದ ಗಂಗವ್ವ ಟವೆಲ್ ತೆಗೆದುಕೊಳ್ಳಲಿಲ್ಲ.

“ನೀವೊಬ್ಬರ ಆಕ್ಕೀರಿ. ನಿಮ್ಮ ಮಗ್ಗಲಾಗ ಇರ್ಲಿ ಬಿಡ್ರಿ ಅಂವ.”

ಹೋದಳು. ಸ್ವಲ್ಪ ಹೊತ್ತಿಗೆ ಕೈಚೀಲ ಹಿಡಿದ ಹಿರಿಯರೊಬ್ಬರು ಬಂದು, “ಇಲ್ಲಿ ಯಾರರ ಅದಾರೇನ್ರಿ?” ಎಂದರು.

“ಅದಾರ್ರಿ,” ಎಂದೆ. ಇಡೀ ಮಧ್ಯಾಹ್ನ ಒಂದು ಮಾತೂ ಬೇಡದೆ ಆ ಟವೆಲ್ಲಿನ ಪಕ್ಕದಲ್ಲಿದ್ದೆ; ಅಂಜಿಕೆ ಹೋಗಲಿಲ್ಲ, ಆದರೆ ಒಂಟಿಯೆನಿಸಲಿಲ್ಲ.

ನಾಲ್ಕು ಗಂಟೆಗೆ ವೈದ್ಯರು ಹೊರಬಂದು, ಸರೋಜಾ ಉಳಿದಳು ಎಂದರು. ಗೋಡೆ ಹಿಡಿದು ಅತ್ತೆ. ಆಮೇಲೆ ಟವೆಲ್ ಮಡಿಚಿಕೊಂಡು ಐಸಿಯು ಬಾಗಿಲಿಗೆ ಓಡಿದೆ.

“ಅಕ್ಕಾರು ಹ್ಯಾಂಗ ಅದಾರ್ರಿ?” ಅಲ್ಲಿನ ಬೆಂಚಿನಲ್ಲಿ ಕುಳಿತಿದ್ದ ಗಂಗವ್ವನೇ ಮೊದಲು ಕೇಳಿದಳು.

“ಉಳಿದ್ಳವ್ವಾ. ನಿಮ್ಮ ಮಗಳು?”

“ಇನ್ನೂ ಕಣ್ಣ ತಗದಿಲ್ರಿ.” ಟವೆಲ್ ಇಸಿದುಕೊಂಡು, ಝಾಡಿಸಿ, ಮತ್ತೆ ತನ್ನ ಪಕ್ಕದಲ್ಲಿ ಹಾಸಿದಳು.

ನಾನು ಅದರ ಆಚೆ ಬದಿಗೆ ಕುಳಿತೆ, ನಡುವಿನ ಜಾಗ ಬಿಟ್ಟು.